ಪಡುಗಾಳಿ ಜೋರಾದಾಗ ಅಪರೂಪದ ಕಡಲ ಹಕ್ಕಿ ಬರುತ್ತವೆ ಅನ್ನುತ್ತಾರಲ್ಲ, ನೋಡಬೇಕಾದ್ದು ಯಾವ ಗಾಳಿ?

ಕಡಲತಡಿ (ಕಾಪು)

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಹೊರಗಡಲಿನ ಹಕ್ಕಿಗಳ ಬಗ್ಗೆ ಒಂದು ಪ್ರಶ್ನೆ ಇದೆ.

ನಮ್ಮ ಮನೆ ಕಾಪು ದೀಪಸ್ತಂಭಕ್ಕೆ ಹತ್ತಿರ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಸ್ವಲ್ಪ ಬಿಟ್ಟಾಗಲೆಲ್ಲ ಬೈನಾಕ್ಯುಲರ್ ಹಿಡಿದು ಸಮುದ್ರದ ಕಡೆ ಹೋಗುತ್ತೇನೆ. ಹಕ್ಕಿ ನೋಡುವ ಹಿರಿಯರೆಲ್ಲ ಹೇಳಿಕೊಟ್ಟದ್ದು ಒಂದೇ ಮಾತು: ಪಡುಗಾಳಿ ಜೋರಾಗಿ ಬೀಸಿದರೆ ಹೋಗಿ ನೋಡು. ಆದರೆ ನನಗೆ ಕಂಡದ್ದು ಬೇರೆ. ತೆಂಗಿನ ಮರ ಬಗ್ಗುವಷ್ಟು ಗಾಳಿ ಇದ್ದ ದಿನ ಎಷ್ಟೋ ಸಲ ಒಂದು ಹಕ್ಕಿಯೂ ಇರುವುದಿಲ್ಲ. ಗಾಳಿ ಇಳಿದು ಬಿಸಿಲು ಬಿದ್ದ ದಿನ ಮರಳಿನ ಮೇಲೆ ಏನಾದರೂ ಕೂತಿರುತ್ತದೆ.

ಕಳೆದ ವರ್ಷ ಪುನರ್ವಸು ಮಳೆಯ ಹೊತ್ತಿಗೆ ಒಂದು ಸೂಟಿ ರೀವ (ಇಂಗ್ಲಿಷಿನಲ್ಲಿ ಟರ್ನ್ ಅನ್ನುವ ಕಡಲ ಹಕ್ಕಿ) ಸಿಕ್ಕಿತು. ಕಪ್ಪು ಬೆನ್ನು, ಬಿಳಿ ಹೊಟ್ಟೆ. ಹಣೆಯ ಬಿಳಿ ಕಣ್ಣಿನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಕಣ್ಣಿನ ಹಿಂದಕ್ಕೂ ಹುಬ್ಬಿನ ಹಾಗೆ ಚಾಚಿದ್ದರೆ ಬ್ರೈಡಲ್ಡ್ ರೀವ ಅನ್ನಬಹುದಿತ್ತು. ಉದ್ದ ರೆಕ್ಕೆಗಳ ತುದಿ ಬಾಲದ ಮೇಲೆ ಕತ್ತರಿ ಹಾಕಿಕೊಂಡಿತ್ತು. ಗಾಳಿ ದಿಕ್ಕು ಬದಲಾಯಿಸಿದಾಗಲೆಲ್ಲ ಎರಡು ಹೆಜ್ಜೆ ಇಟ್ಟು ಮತ್ತೆ ಗಾಳಿಗೆ ಮುಖ ಮಾಡುತ್ತಿತ್ತು. ಸುತ್ತ ಏಡಿಗಳು ಬಿಲದಿಂದ ಇಣುಕುತ್ತಿದ್ದವು. ಹತ್ತು ಅಡಿ ದೂರಕ್ಕೆ ಹೋದರೂ ಹಾರಲಿಲ್ಲ. ಅವತ್ತು ಅಂಥ ಗಾಳಿಯೇನೂ ಇರಲಿಲ್ಲ.

ಹಾಗಾದರೆ ಹವಾಮಾನದ ಪುಟದಲ್ಲಿ ನಾನು ನೋಡಬೇಕಾದ್ದು ಏನು? ಇವತ್ತಿನ ಗಾಳಿಯಾ, ನಿನ್ನೆಯದಾ? ಕಾಪುವಿನದಾ, ಇನ್ನೆಲ್ಲಿಯದೋ?

ಮೋಡಮಾಪಕ (ಬೆಂಗಳೂರು)

ಒಳ್ಳೆಯ ಪ್ರಶ್ನೆ. ಉತ್ತರ ಕಾಪುವಿನಲ್ಲಿ ಸಿಗುವುದಿಲ್ಲ. ಅರಬ್ಬಿ ಸಮುದ್ರದ ಆ ಕಡೆಯಿಂದ ಹುಡುಕಿಕೊಂಡು ಬರಬೇಕು.

ಮುಂಗಾರಿನಲ್ಲಿ ನಮಗೆ ಬೀಸುವ ಗಾಳಿ ಇಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಗೋಳಾರ್ಧದಲ್ಲಿ ಹೊರಟು, ಕೀನ್ಯಾ–ಸೊಮಾಲಿಯಾದ ಎತ್ತರದ ನೆಲಕ್ಕೆ ಒತ್ತಿಕೊಂಡು ಸಮಭಾಜಕ ದಾಟಿ, ಬಲಕ್ಕೆ ತಿರುಗಿ ನಮ್ಮ ಕಡೆ ನುಗ್ಗುತ್ತದೆ. ಇದಕ್ಕೆ ಸೊಮಾಲಿ ಜೆಟ್ ಅನ್ನುತ್ತಾರೆ. 1969ರಲ್ಲಿ ಇದನ್ನು ವಿವರಿಸಿದ ಫಿಂಡ್ಲೇಟರ್ ಅವರ ಹೆಸರಿನಲ್ಲೂ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು ಒಂದು, ಒಂದೂವರೆ ಕಿ.ಮೀ. ಎತ್ತರದಲ್ಲಿ ಇದರ ರಭಸ ಜಾಸ್ತಿ. ಜುಲೈನಲ್ಲಿ ಸೊಮಾಲಿಯಾದ ಹತ್ತಿರ ಗಂಟೆಗೆ 90 ಕಿ.ಮೀ. ದಾಟುವುದುಂಟು.

ಈಗ ಭೂಪಟ ತೆಗೆದು ಆ ಗಾಳಿಯ ದಾರಿಯಲ್ಲಿ ಯಾವ ದ್ವೀಪಗಳಿವೆ ನೋಡಿ. ಯೆಮನ್‌ನ ಸೊಕೊಟ್ರಾ. ಒಮಾನ್‌ನ ಹಲ್ಲಾನಿಯಾತ್. ಜೊವಾನಿನ್ ಪೆಟ್ರೆಲ್ ಅನ್ನುವ ಕಡಲ ಹಕ್ಕಿ ಗೂಡು ಮಾಡುವುದು ಸೊಕೊಟ್ರಾದಲ್ಲಿ. ಪರ್ಷಿಯನ್ ಶಿಯರ್‌ವಾಟರ್ ಆ ಎರಡೂ ಕಡೆ ಇದೆ. ಮಾಸ್ಕ್ಡ್ ಬೂಬಿ ಹಲ್ಲಾನಿಯಾತ್‌ನಲ್ಲಿ ಮರಿ ಮಾಡುತ್ತದೆ. ಮಳೆಗಾಲದಲ್ಲಿ ಕೇರಳದಿಂದ ಮುಂಬೈವರೆಗೆ ದಡದಲ್ಲಿ ಸಿಗುವ ಅಪರೂಪದ ಹಕ್ಕಿಗಳ ಪಟ್ಟಿಯಲ್ಲಿ ಇದೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸೊಕೊಟ್ರಾದಿಂದ ನಮ್ಮ ಕರಾವಳಿಗೆ ಎರಡು ಸಾವಿರ ಕಿ.ಮೀ.ಗೂ ಜಾಸ್ತಿ. ಆ ಇಡೀ ದೂರ ಒಂದೇ ದಿಕ್ಕಿನ ಗಾಳಿ ದಿನಗಟ್ಟಲೆ ಬೀಸುತ್ತದೆ.

ಆದ್ದರಿಂದ ನಿಮ್ಮ ಊರಿನ ಗಾಳಿಯ ವೇಗ ಬಿಟ್ಟು ಬೇರೆ ಎರಡು ವಿಷಯ ನೋಡಿ. ಅರಬ್ಬಿ ಸಮುದ್ರದ ನಡುವಿನಲ್ಲಿ ಜೋರು ಗಾಳಿ ಎಷ್ಟು ದಿನ ಸತತವಾಗಿ ನಿಂತಿದೆ ಅನ್ನುವುದು ಮೊದಲನೆಯದು. ಅದು ಯಾವತ್ತು ಸಡಿಲವಾಯಿತು ಅನ್ನುವುದು ಎರಡನೆಯದು. ಒಂದೇ ಮಧ್ಯಾಹ್ನದ ಬಿರುಗಾಳಿಗೆ ಹೊರಗಡಲಿನ ಹಕ್ಕಿ ದಡಕ್ಕೆ ಬರುವುದಿಲ್ಲ. ನಾಲ್ಕೈದು ದಿನ ಒಂದೇ ಸಮನೆ ತಳ್ಳಿದರೆ ದಣಿದವು ದಡದ ಹತ್ತಿರ ಬರುತ್ತವೆ. ಗಾಳಿ ಇಳಿದ ಮೇಲೆ ಅವು ನಮ್ಮ ಕಣ್ಣಿಗೆ ಬೀಳುತ್ತವೆ. ನಿಮ್ಮ ಸೂಟಿ ರೀವದ ಕಥೆಯೂ ಇದೇ ಇರಬಹುದು.

ಇನ್ನೊಂದು ಮಾತು. ಗಾಳಿಯ ಪುಟಗಳಲ್ಲಿ ಎತ್ತರ ಆರಿಸಿಕೊಳ್ಳಲು ಅವಕಾಶ ಇರುತ್ತದೆ. ಕಡಲ ಹಕ್ಕಿಗಳಿಗೆ ನೀರಿಗೆ ಹತ್ತಿರದ ಗಾಳಿ ನೋಡಿ, 10 ಮೀಟರಿನದು. ಎತ್ತರದಲ್ಲಿ ಹಾರುವ ವಲಸೆ ಹಕ್ಕಿಗಳಿಗೆ 850 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಮಟ್ಟದ್ದು ನೋಡಿ. ಅದು ಸುಮಾರು 1,500 ಮೀಟರ್ ಎತ್ತರದ ಗಾಳಿ. ಎರಡೂ ಒಂದೇ ದಿಕ್ಕಿಗೆ ಬೀಸಬೇಕು ಅಂತೇನಿಲ್ಲ.

ಮಲ್ಪೆ ಬೋಟು

ಮೋಡಮಾಪಕ ಸರ್, ನೀವು ಹೇಳಿದ್ದು ಸರಿ. ಆದರೆ "ಗಾಳಿ ತಳ್ಳುತ್ತದೆ" ಅನ್ನುವ ಮಾತಿಗೆ ನನ್ನದು ಸ್ವಲ್ಪ ತಕರಾರು. ನಾವು ಆಳಸಮುದ್ರಕ್ಕೆ ಹೋಗುವ ಬೋಟಿನವರು. ಈ ಹಕ್ಕಿಗಳನ್ನು ಅವುಗಳ ಜಾಗದಲ್ಲೇ ನೋಡುತ್ತೇವೆ.

ಅಲ್ಲಿ ಗಾಳಿ ಇವುಗಳ ಶತ್ರು ಅಲ್ಲ. ಗಾಳಿ ಇಲ್ಲದ ದಿನ ಶಿಯರ್‌ವಾಟರ್‌ಗಳು ನೀರಿನ ಮೇಲೆ ಗುಂಪಾಗಿ ಸುಮ್ನೆ ಕೂತಿರುತ್ತವೆ. ಗಾಳಿ ಎದ್ದ ಕೂಡಲೇ ಏಳುತ್ತವೆ. ಅಲೆಯ ತಗ್ಗಿನಲ್ಲಿ ಹೋಗಿ, ಗಾಳಿಗೆ ಎದುರಾಗಿ ಮೇಲೆದ್ದು, ಓರೆಯಾಗಿ ತಿರುಗಿ ಮತ್ತೆ ತಗ್ಗಿಗೆ ಇಳಿಯುತ್ತವೆ. ರೆಕ್ಕೆ ಬಡಿಯುವುದೇ ಅಪರೂಪ. ನಮ್ಮ ಬೋಟು ಹೊಯ್ದಾಡುತ್ತಿರುವಾಗ ಅವು ಆರಾಮಾಗಿರುತ್ತವೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಹಕ್ಕಿ ಒಂದಿದೆ. ಸೊಂಟದ ಹತ್ತಿರ ಬಿಳಿ. ನೀರಿನ ಮೇಲೆ ಕಾಲಿನಿಂದ ತಟಪಟ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಅಂಥ ಗಾಳಿಯಲ್ಲೂ ಬಲೆ ಎಳೆಯುವಾಗ ಹಿಂದೆಯೇ ಇರುತ್ತದೆ. ಅದರ ಹೆಸರು ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಅಂತ ಹಕ್ಕಿ ನೋಡಲು ನಮ್ಮ ಬೋಟಿಗೆ ಬಂದವರೊಬ್ಬರು ಹೇಳಿದರು. ಅಂಟಾರ್ಕ್ಟಿಕಾ ಕಡೆಯಿಂದ ಬರುತ್ತದಂತೆ.

ಮತ್ತೆ ದಡಕ್ಕೆ ಬೀಳುವುದು ಯಾಕೆ? ನನ್ನ ಲೆಕ್ಕದಲ್ಲಿ ಗಾಳಿಗಿಂತ ಹಸಿವು ದೊಡ್ಡದು. ದಿನಗಟ್ಟಲೆ ಮಳೆ ಹೊಡೆದು, ಹೊಳೆಯ ಕೆಂಪು ನೀರು ಸಮುದ್ರಕ್ಕೆ ಬಂದು, ಅಲೆ ಒಡೆದು ನೀರೆಲ್ಲ ಕದಡಿರುತ್ತದೆ. ಮೇಲಿಂದ ನೋಡಿದರೆ ಮೀನು ಕಾಣುವುದಿಲ್ಲ. ಮೀನೂ ಕೆಳಗೆ ಹೋಗಿರುತ್ತದೆ. ಎರಡು ಮೂರು ದಿನ ಹೊಟ್ಟೆಗೆ ಇಲ್ಲದ ಹಕ್ಕಿಗೆ ಆ ಗಾಳಿಯನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಆಗ ತಳ್ಳಿದ ಕಡೆ ಹೋಗುತ್ತದೆ.

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮಗೆ ಮೀನುಗಾರಿಕೆ ರಜೆ. ಯಾಂತ್ರೀಕೃತ ಬೋಟು ಒಂದೂ ಹೊರಗೆ ಹೋಗುವಂತಿಲ್ಲ. ನಾಡದೋಣಿಗಳು ಮಾತ್ರ ದಡದ ಹತ್ತಿರ ಹೋಗಿ ಬರುತ್ತವೆ. ನೀವು ಹೇಳುವ ಜೋರು ಗಾಳಿ ಸರಿಯಾಗಿ ಆ ಎರಡು ತಿಂಗಳಲ್ಲೇ. ಅಲ್ಲಿ ನಡುಗಡಲಿನಲ್ಲಿ ಏನೇನಿದೆ ಅಂತ ನೋಡುವ ಕಣ್ಣು ಆಗ ಒಂದೂ ಇರುವುದಿಲ್ಲ. ದಡಕ್ಕೆ ಬಿದ್ದದ್ದನ್ನು ಮಾತ್ರ ಲೆಕ್ಕ ಹಾಕಿ "ಇದು ಅಪರೂಪ" ಅನ್ನುತ್ತೇವೆ.

ಮೋಡಮಾಪಕ (ಬೆಂಗಳೂರು)

ಮಲ್ಪೆಯವರೇ, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ನೀವು ವರ್ಣಿಸಿದ ಆ ಹಾರಾಟ ನಡೆಯುವುದೇ ಗಾಳಿಯ ವ್ಯತ್ಯಾಸದಿಂದ. ಅಲೆಯ ಪಕ್ಕ ಗಾಳಿ ನಿಧಾನ, ಹತ್ತಿಪ್ಪತ್ತು ಅಡಿ ಮೇಲೆ ಜೋರು. ಆ ಎರಡು ಪದರಗಳ ನಡುವೆ ಏರಿ ಇಳಿದು ಹಕ್ಕಿ ವೇಗ ಗಳಿಸುತ್ತದೆ. ಗಾಳಿ ನಿಂತರೆ ಆ ಲಾಭವೂ ಇಲ್ಲ. ಅದಕ್ಕೇ ಅವು ನೀರಿನ ಮೇಲೆ ಕೂರುತ್ತವೆ.

ಆರೈಕೆ (ಕಾರವಾರ)

ದಡಕ್ಕೆ ಬಿದ್ದ ಹಕ್ಕಿಗಳನ್ನು ಕೈಯಲ್ಲಿ ಹಿಡಿದವಳಾಗಿ ನಾಲ್ಕು ಮಾತು ಬರೆಯುತ್ತೇನೆ.

ಮಲ್ಪೆಯ ಅಣ್ಣ ಹೇಳಿದ ಹಸಿವು ಕೈಗೆ ಗೊತ್ತಾಗುತ್ತದೆ. ಎದೆಯ ನಡುವೆ ಒಂದು ಉದ್ದ ಮೂಳೆ ಇದೆ. ಆರೋಗ್ಯವಾಗಿರುವ ಹಕ್ಕಿಯಲ್ಲಿ ಅದರ ಎರಡೂ ಕಡೆ ಮಾಂಸ ತುಂಬಿರುತ್ತದೆ, ಬೆರಳಿಟ್ಟರೆ ದುಂಡಗೆ ಸಿಗುತ್ತದೆ. ಮಳೆಗಾಲದಲ್ಲಿ ಮರಳಿನ ಮೇಲೆ ಸಿಗುವ ಬೂಬಿ, ಶಿಯರ್‌ವಾಟರ್‌ಗಳಲ್ಲಿ ಆ ಮೂಳೆ ಚೂಪಾಗಿ ಬೆರಳಿಗೆ ಚುಚ್ಚುತ್ತದೆ. ಹಾರುವ ಸ್ನಾಯುವನ್ನೇ ಕರಗಿಸಿಕೊಂಡು ಅಷ್ಟು ದೂರ ಬಂದಿರುತ್ತವೆ. ಎಷ್ಟೋ ಸಲ ಗರಿಯ ಮೇಲಿನ ಎಣ್ಣೆ ಪಸೆಯೂ ಹೋಗಿ ಮೈ ನೆನೆದಿರುತ್ತದೆ.

ದಯವಿಟ್ಟು ಇದನ್ನು ಎಲ್ಲರೂ ಓದಿ. ಇಂಥ ಹಕ್ಕಿ ಕಂಡರೆ ನೀರಿಗೆ ಎಸೆಯಬೇಡಿ. "ಸಮುದ್ರದ ಹಕ್ಕಿ, ಸಮುದ್ರಕ್ಕೆ ಬಿಟ್ಟರೆ ಬದುಕುತ್ತದೆ" ಅಂತ ಒಳ್ಳೆಯ ಮನಸ್ಸಿನಿಂದಲೇ ಜನ ಅಲೆಗೆ ಬಿಡುತ್ತಾರೆ. ಅದು ಅಲ್ಲೇ ಮುಳುಗುತ್ತದೆ. ಶಿಯರ್‌ವಾಟರ್‌ಗಳ ಕಾಲು ದೇಹದ ಹಿಂಭಾಗಕ್ಕೆ ಇರುವುದರಿಂದ ಅವು ನೆಲದ ಮೇಲೆ ಸರಿಯಾಗಿ ನಡೆಯಲಾರವು. ಕಾಲು ಮುರಿದಿದೆ ಅಂದುಕೊಂಡು ಎಳೆದು ನೋಡಬೇಡಿ. ಬಾಯಿ ತೆರೆದು ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮೀನನ್ನೂ ತುರುಕಬೇಡಿ. ಒಂದು ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಒಳಗೆ ಒಣ ಬಟ್ಟೆ ಹಾಕಿ, ಹಕ್ಕಿಯನ್ನು ಕತ್ತಲಲ್ಲಿ ಇಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೂಬಿಯ ಕೊಕ್ಕಿನ ಬಗ್ಗೆ ಎಚ್ಚರ ಇರಲಿ. ಅದು ನೇರ ಕಣ್ಣಿಗೇ ಗುರಿ ಇಡುತ್ತದೆ.

ಫೋಟೊ ತೆಗೆಯಲು ಸುತ್ತ ಮುತ್ತಿಕೊಳ್ಳುವುದನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಉಳಿದ ಅಷ್ಟಿಷ್ಟು ಶಕ್ತಿ ಖರ್ಚಾಗುತ್ತದೆ. ದೂರದಿಂದ ಒಂದು ಫೋಟೊ ಸಾಕು.

ಕಡಲತಡಿ (ಕಾಪು)

ಆರೈಕೆ ಮೇಡಂ, ಪೆಟ್ಟಿಗೆಯ ವಿಷಯ ಬರೆದದ್ದಕ್ಕೆ ಧನ್ಯವಾದ. ಇದನ್ನು ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ.

ತುಂಗಾತೀರ (ಶಿವಮೊಗ್ಗ)

ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಹಕ್ಕಿ ನೋಡುವುದಕ್ಕೆ ಹೊಸಬ. ಕಡಲ ಹಕ್ಕಿ ಬಿಟ್ಟು ಬೇರೆಯವಕ್ಕೂ ಇದೇ ಗಾಳಿ ಅನ್ವಯಿಸುತ್ತದಾ? ಚಾತಕ ಮುಂಗಾರಿನ ಜೊತೆ ಆಫ್ರಿಕಾದಿಂದ ಬರುತ್ತದೆ ಅಂತ ಓದಿದ್ದೇನೆ. ಅಮುರ್ ಚಾಣ ಅನ್ನುವ ಪುಟ್ಟ ಬೇಟೆ ಹಕ್ಕಿ (ಫಾಲ್ಕನ್) ಇದೇ ಸಮುದ್ರವನ್ನು ನವೆಂಬರ್‌ನಲ್ಲಿ ಆ ಕಡೆಗೆ ದಾಟುತ್ತದೆ. ಗಾಳಿ ಈ ಕಡೆಗೆ ಬೀಸುತ್ತಿದ್ದರೆ ಅದು ಆ ಕಡೆ ಹೋಗುವುದು ಹೇಗೆ?

ಮೋಡಮಾಪಕ (ಬೆಂಗಳೂರು)

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅರಬ್ಬಿ ಸಮುದ್ರದ ಗಾಳಿ ವರ್ಷಕ್ಕೆ ಎರಡು ಸಲ ತಿರುಗಿ ಬೀಳುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ, ನವೆಂಬರ್ ಹೊತ್ತಿಗೆ ಈಶಾನ್ಯದಿಂದ. ಹಳೆಯ ಕಾಲದ ಹಾಯಿ ಹಡಗಿನವರು ಇದೇ ತಿರುವನ್ನು ನಂಬಿಕೊಂಡು ಮಂಗಳೂರು, ಭಟ್ಕಳ, ಹೊನ್ನಾವರಕ್ಕೆ ಬಂದು ಹೋಗುತ್ತಿದ್ದರು. ಹಕ್ಕಿಗಳ ವೇಳಾಪಟ್ಟಿಯೂ ಅದೇ.

ಅಮುರ್ ಚಾಣದ ತೂಕ ನೂರೈವತ್ತು ಗ್ರಾಂ ಆಸುಪಾಸು. ಸೈಬೀರಿಯಾದ ಪೂರ್ವಭಾಗ, ಉತ್ತರ ಚೀನಾ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ನಡುವೆ ಅಕ್ಟೋಬರ್‌ನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಸೇರುತ್ತವೆ. 2012ರಲ್ಲಿ ಅಲ್ಲಿ ನಡೆದ ಬೇಟೆಯ ಸುದ್ದಿ ನೋಡಿ ದೇಶವೇ ನೊಂದಿತ್ತು. ಮರುವರ್ಷ ಅದೇ ಊರಿನವರು ಕಾವಲು ನಿಂತರು. 2013ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಮೂರು ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನಾಗಾ, ಪಾಂಗ್ತಿ, ವೋಖಾ ಅಂತ ಹೆಸರಿಟ್ಟರು. ಈ ಹಕ್ಕಿಗಳು ಭಾರತ ದಾಟಿ, ಅರಬ್ಬಿ ಸಮುದ್ರದ ಮೇಲೆ ಸುಮಾರು 3,000 ಕಿ.ಮೀ. ಎಲ್ಲೂ ಇಳಿಯದೆ ಸೊಮಾಲಿಯಾ ಮುಟ್ಟುತ್ತವೆ ಅಂತ ಟ್ಯಾಗ್‌ಗಳಿಂದ ಗೊತ್ತಾಯಿತು. ನಾಗಾಲ್ಯಾಂಡಿನಿಂದ ಅಲ್ಲಿಗೆ ಐದಾರು ದಿನ. ಈಶಾನ್ಯದ ಗಾಳಿ ಬೆನ್ನಿಗೆ ಇಲ್ಲದಿದ್ದರೆ ಅಷ್ಟು ಸಣ್ಣ ಹಕ್ಕಿಗೆ ಇದು ಬಹಳ ಕಷ್ಟ.

ಇಲ್ಲಿ ಎತ್ತರದ ವಿಷಯ ಬರುತ್ತದೆ, ನನಗೆ ತುಂಬಾ ಇಷ್ಟವಾದ ಭಾಗ. ಮಾಲ್ಡೀವ್ಸ್‌ನಲ್ಲಿ ಅಕ್ಟೋಬರ್ ಬಂತೆಂದರೆ ಏರೋಪ್ಲೇನ್ ಚಿಟ್ಟೆಗಳು ರಾಶಿ ರಾಶಿ ಬಂದಿಳಿಯುತ್ತವೆ. ಆ ದ್ವೀಪಗಳಲ್ಲಿ ಸಿಹಿನೀರಿನ ಕೆರೆ ಕುಂಟೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲೇ ಇದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಇದನ್ನು ಗಮನಿಸಿ 2009ರಲ್ಲಿ ಬರೆದರು. ಅವು ಭಾರತದ ಕಡೆಯಿಂದ ಹೊರಟು ಆಫ್ರಿಕಾಕ್ಕೆ ಹೋಗುತ್ತಿರಬೇಕು ಅನ್ನುವುದು ಅವರ ವಾದ. ಆದರೆ ಅಕ್ಟೋಬರ್‌ನಲ್ಲಿ ಅಲ್ಲಿ ನೆಲಮಟ್ಟದ ಗಾಳಿ ಪಶ್ಚಿಮದಿಂದ, ಅಂದರೆ ಎದುರಿಗೇ ಬೀಸುತ್ತಿರುತ್ತದೆ. ಉತ್ತರ ಸಿಕ್ಕಿದ್ದು 1,000 ಮೀಟರಿನಿಂದ ಮೇಲೆ. ಅಲ್ಲಿ ಗಾಳಿ ಆಗಲೇ ತಿರುಗಿ ಈಶಾನ್ಯದಿಂದ ಬೀಸುತ್ತಿರುತ್ತದೆ. ಅಮುರ್ ಚಾಣದಂಥ ಹಕ್ಕಿಗಳು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಇವನ್ನೇ ತಿನ್ನುತ್ತಾ ಹೋಗುತ್ತಿರಬಹುದು ಅಂತಲೂ ಅವರು ಸೂಚಿಸಿದರು. ದಡದಲ್ಲಿ ನಿಂತು ಕರ್ಚೀಫು ಹಿಡಿದು ಗಾಳಿ ನೋಡಿದವರಿಗೆ ಇದು ಯಾವತ್ತೂ ತಿಳಿಯುವುದಿಲ್ಲ.

ಮರಳಿ ಬರುವ ದಾರಿಗೆ ಓನನ್ ಅನ್ನುವ ಕೋಗಿಲೆಯನ್ನು ನೋಡಿ. 2019ರಲ್ಲಿ ಮಂಗೋಲಿಯಾದಲ್ಲಿ ಟ್ಯಾಗ್ ಹಾಕಿದ ಹಕ್ಕಿ. ಆಫ್ರಿಕಾದ ಜಾಂಬಿಯಾವರೆಗೆ ಹೋಗಿ, 2020ರ ವಸಂತದಲ್ಲಿ ಅರಬ್ಬಿ ಸಮುದ್ರ ದಾಟಿ ಮಧ್ಯಪ್ರದೇಶದಲ್ಲಿ ಇಳಿಯಿತು. ಮೇ ಕೊನೆಗೆ ಮಂಗೋಲಿಯಾ ಸೇರಿತು. ಒಟ್ಟು ಸುಮಾರು 26,000 ಕಿ.ಮೀ. ಈ ಸಲ ಬೆನ್ನಿಗಿದ್ದದ್ದು ನೈರುತ್ಯದ ಗಾಳಿ.

ಚಾತಕದ ಬಗ್ಗೆ ಒಂದು ಎಚ್ಚರಿಕೆ. ಮುಂಗಾರಿನ ಜೊತೆ ಆಫ್ರಿಕಾದಿಂದ ಬರುವುದು ಉತ್ತರ ಭಾರತದಲ್ಲಿ ಮರಿ ಮಾಡುವ ಬಳಗ. ದಕ್ಷಿಣದಲ್ಲಿ ವರ್ಷವಿಡೀ ಇರುವ ಚಾತಕಗಳೂ ಇವೆ. ಶಿವಮೊಗ್ಗದಲ್ಲಿ ಮೇ ತಿಂಗಳಲ್ಲಿ ಒಂದು ಕಂಡರೆ ಸಮುದ್ರ ದಾಟಿ ಬಂದದ್ದೇ ಅಂತ ಹೇಳಲಾಗುವುದಿಲ್ಲ.

ತುಂಗಾತೀರ (ಶಿವಮೊಗ್ಗ)

ಬಹಳ ಧನ್ಯವಾದ ಸರ್. ಅಮುರ್ ಚಾಣ ನಮ್ಮ ರಾಜ್ಯದ ಮೇಲೂ ಹಾದು ಹೋಗುತ್ತದೆ ಅಲ್ವಾ? ಮತ್ತೆ ಯಾಕೆ ಇಷ್ಟು ಅಪರೂಪ? ಲೋಣಾವಳದಲ್ಲಿ ಪ್ರತಿ ವರ್ಷ ನೋಡುತ್ತಾರಂತೆ.

ಹಕ್ಕಿಪಟ್ಟಿ (ಮೈಸೂರು)

ಇದಕ್ಕೆ ನಾನು ಹೇಳುತ್ತೇನೆ. ಮೇಲೆ ಹಾದು ಹೋಗುವುದು ಬೇರೆ, ಕೆಳಗಿಳಿಯುವುದು ಬೇರೆ. ಬೆನ್ನಿಗೆ ಒಳ್ಳೆಯ ಗಾಳಿ, ಶುಭ್ರ ಆಕಾಶ ಇದ್ದರೆ ಹಕ್ಕಿಗೆ ಇಳಿಯುವ ಕಾರಣವೇ ಇಲ್ಲ. ಕಣ್ಣಿಗೆ ಕಾಣದ ಎತ್ತರದಲ್ಲಿ, ಎಷ್ಟೋ ಸಲ ರಾತ್ರಿಯಲ್ಲೇ ದಾಟಿಬಿಡುತ್ತದೆ. ಎದುರುಗಾಳಿ ಅಥವಾ ಮಳೆ ಮೋಡ ಅಡ್ಡ ಬಂದಾಗ ಇಳಿದು ಕಾಯುತ್ತದೆ. ಆಗ ನಮಗೆ ಕಾಣುತ್ತದೆ. ಅಂದರೆ ನಮಗೆ ಒಳ್ಳೆಯ ದಿನ ಹಕ್ಕಿಗೆ ಕೆಟ್ಟ ದಿನ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ವಾಯುಭಾರ ಕುಸಿತ ಆದಾಗ ಘಟ್ಟದ ಅಂಚಿನ ಹುಲ್ಲುಗಾವಲು, ಕರೆಂಟ್ ತಂತಿಗಳ ಮೇಲೆ ಕಣ್ಣಿಡಿ.

ಕಡಲತಡಿಯವರ ಪ್ರಶ್ನೆಗೂ ಒಂದು ಮಾತು ಸೇರಿಸುತ್ತೇನೆ, ಕೆಲವರಿಗೆ ಇಷ್ಟ ಆಗದಿರಬಹುದು. "ಬಿರುಗಾಳಿ ಆದಮೇಲೆ ಅಪರೂಪದ ಹಕ್ಕಿ ಬರುತ್ತದೆ" ಅನ್ನುವುದರಲ್ಲಿ ಒಂದು ಪಾಲು ನಾವೇ ಮಾಡಿಕೊಂಡದ್ದು. ಬಿರುಗಾಳಿ ಆದಮೇಲೆ ಹೆಚ್ಚು ಜನ ಹೋಗುತ್ತಾರೆ, ಹೆಚ್ಚು ಹೊತ್ತು ನಿಲ್ಲುತ್ತಾರೆ. ಏನೂ ಇಲ್ಲದ ಸಾಧಾರಣ ದಿನ ಯಾರೂ ನೋಡುವುದಿಲ್ಲ, ನೋಡಿದರೂ ಬರೆಯುವುದಿಲ್ಲ. ಹಕ್ಕಿ ನೋಡಿದವರು ಪಟ್ಟಿ ಹಾಕುವ ಇಬರ್ಡ್ ಜಾಲತಾಣದಲ್ಲಿ ನಮ್ಮ ಕರಾವಳಿಯ ಪಟ್ಟಿಗಳನ್ನು ತೆರೆದರೆ ಜೂನ್, ಜುಲೈ ಬಹಳ ಬಡವಾಗಿರುತ್ತವೆ. ಗಾಳಿಗೂ ಹಕ್ಕಿಗೂ ಸಂಬಂಧ ಇದೆ ಅಂತ ಗಟ್ಟಿಯಾಗಿ ಹೇಳಬೇಕಾದರೆ ಗಾಳಿ ಇಲ್ಲದ ದಿನದ ಪಟ್ಟಿಯೂ ಬೇಕು. ಹದಿನೈದು ನಿಮಿಷ ಕೂತು ಎರಡು ಕಾಗೆ, ಒಂದು ಗರುಡ ಮಾತ್ರ ಕಂಡರೂ ಅದು ಮಾಹಿತಿಯೇ.

ಕಡಲತಡಿ (ಕಾಪು)

ಇಷ್ಟ ಆಗದೇ ಇರಲು ಏನಿದೆ ಸರ್? ಖಾಲಿ ದಿನಗಳದ್ದನ್ನೂ ಇನ್ನು ಮುಂದೆ ಹಾಕುತ್ತೇನೆ.

ಮಾಗಡಿ ಕೆರೆ (ಗದಗ)

ಎಲ್ಲಾರಿಗೂ ಶರಣು. ಎಲ್ಲವೂ ಗಾಳಿಯ ಬೆನ್ನು ಹತ್ತಿ ಬರುತ್ತವೆ ಅಂತ ತಿಳಿಯಬಾರದು ಅನ್ನುವುದಕ್ಕೆ ನಮ್ಮ ಕೆರೆಯ ಹಕ್ಕಿಯೇ ಸಾಕ್ಷಿ.

ಶಿರಹಟ್ಟಿ ಕಡೆಯ ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆಗೆ ಇದಕ್ಕೂ ರಾಮ್ಸರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ) ಸಿಕ್ಕಿತು. ಇವು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟಿ ಬರಬೇಕು. ಮೊದಲೆಲ್ಲ ಎಲ್ಲರೂ ಅಂದುಕೊಂಡದ್ದು, ಕಣಿವೆಯಲ್ಲಿ ಹಗಲು ಹೊತ್ತು ಮೇಲಕ್ಕೆ ಬೀಸುವ ಗಾಳಿಯನ್ನು ಹಿಡಿದು ಇವು ಬೆಟ್ಟ ಏರುತ್ತವೆ ಅಂತ. ಟ್ಯಾಗ್ ಹಾಕಿ ನೋಡಿದವರು 2011ರಲ್ಲಿ ಬರೆದದ್ದು ಬೇರೆ. ಭಾರತದಿಂದ ಉತ್ತರಕ್ಕೆ ಮರಳುವಾಗ ಆ ಸಲೀಸಾದ ಗಾಳಿಯನ್ನು ಬಿಟ್ಟು, ರಾತ್ರಿ ಇಲ್ಲವೇ ನಸುಕಿನಲ್ಲಿ ಏರುತ್ತವೆ. ರಾತ್ರಿ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ. ರೆಕ್ಕೆಗೆ ಹೆಚ್ಚು ಆಸರೆ, ಉಸಿರಿಗೆ ಹೆಚ್ಚು ಆಮ್ಲಜನಕ. ಬಿರುಗಾಳಿಯ ಅಪಾಯವೂ ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಇವು ಬೆಟ್ಟದ ಮೈಗೆ ಹತ್ತಿರವಾಗಿ, ಏರು ಬಂದಲ್ಲಿ ಏರಿ, ಇಳಿಜಾರಿನಲ್ಲಿ ಇಳಿದು ಹಾರುತ್ತವೆ ಅಂತ ಗೊತ್ತಾಯಿತು. ಟ್ಯಾಗ್‌ನಲ್ಲಿ ಸಿಕ್ಕ ಅತಿ ಎತ್ತರ 7,290 ಮೀಟರ್.

ಬೆಳಗ್ಗೆ ಇವು ಕೆರೆ ಬಿಟ್ಟು ಕಡಲೆ, ಶೇಂಗಾ ಹೊಲಗಳಿಗೆ ಹೋಗುವುದನ್ನು ನೋಡಲು ಒಮ್ಮೆ ಬರ್ರಿ. ಮೂಡಲ ಗಾಳಿ ಇದ್ದ ದಿನ ಮೊದಲು ಗಾಳಿಗೆ ಎದುರು ಎದ್ದು, ಆಮೇಲೆ ಗುಂಪು ಸುತ್ತಿಕೊಂಡು ತಮ್ಮ ದಾರಿ ಹಿಡಿಯುತ್ತವೆ. ಏಳುವುದಕ್ಕೆ ಎದುರುಗಾಳಿಯೇ ಬೇಕು.

ಅಬರ್ಡೀನ್ ಕನ್ನಡಿಗ

ನಾನು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಇದ್ದೇನೆ. ಮೂಲತಃ ಸಾಗರದವನು. ಇಲ್ಲಿ ಹಕ್ಕಿ ನೋಡುವವರು ಗಾಳಿಯ ನಕ್ಷೆ ನೋಡದೆ ಮನೆ ಬಿಡುವುದಿಲ್ಲ. ನಮ್ಮಲ್ಲಿ ಪಡುಗಾಳಿಗೆ ಕಾಯುತ್ತಾರೆ, ಇಲ್ಲಿ ಅಕ್ಟೋಬರ್‌ನಲ್ಲಿ ಮೂಡುಗಾಳಿಗೆ.

ಓರ್ಕ್ನಿ, ಶೆಟ್‌ಲ್ಯಾಂಡ್ ನಡುವೆ ಫೇರ್ ಐಲ್ ಅನ್ನುವ ಪುಟ್ಟ ದ್ವೀಪ ಇದೆ. 1948ರಿಂದ ಅಲ್ಲಿ ಹಕ್ಕಿ ವೀಕ್ಷಣಾಲಯ ಇದೆ. ಸೈಬೀರಿಯಾದಲ್ಲಿ ಹುಟ್ಟಿ ಆಗ್ನೇಯ ಏಷ್ಯಾಕ್ಕೆ ಹೋಗಬೇಕಾದ, ಆರೇಳು ಗ್ರಾಂ ತೂಕದ ಹಳದಿ ಹುಬ್ಬಿನ ಉಲಿಯಕ್ಕಿ ಇಲ್ಲಿಗೆ ಬರುತ್ತದೆ. ಸ್ಕ್ಯಾಂಡಿನೇವಿಯಾದ ಮೇಲೆ ಅಧಿಕ ಒತ್ತಡ ಕೂತರೆ ಅದರ ದಕ್ಷಿಣ ಭಾಗದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಆದರೆ ಬರೀ ಮೂಡುಗಾಳಿ ಸಾಲದು. ಇಲ್ಲಿನ ಹಳಬರು ಮೂಡುಗಾಳಿಯ ಜೊತೆ ಮಳೆಯೋ ಮಂಜೋ ಬರುವ ದಿನಕ್ಕೆ ಕಾಯುತ್ತಾರೆ. ರಾತ್ರಿ ಸಮುದ್ರದ ಮೇಲೆ ಮಳೆ ಸಿಕ್ಕಿದ ಹಕ್ಕಿ ಮೊದಲು ಕಂಡ ನೆಲಕ್ಕೆ ಇಳಿಯುತ್ತದೆ. ಮೈಸೂರಿನ ಹಕ್ಕಿಪಟ್ಟಿಯವರು ಹೇಳಿದ್ದೂ ಇದನ್ನೇ.

ಶರತ್ಕಾಲದಲ್ಲಿ ಹೀಗೆ ದಾರಿ ತಪ್ಪಿ ಬರುವವುಗಳಲ್ಲಿ ಹೆಚ್ಚಿನವು ಆ ವರ್ಷ ಹುಟ್ಟಿದ ಮರಿಗಳು. ತುಂಬಿದ ಹೊಳೆಗೆ ಬಿದ್ದ ಈಜುಗಾರ ನೇರ ಎದುರು ದಡಕ್ಕೆ ಈಜಿದರೂ ಕೆಳಗೆಲ್ಲೋ ಹೋಗಿ ಮುಟ್ಟುತ್ತಾನಲ್ಲ, ಹಾಗೆ. ಒಂದೆರಡು ಸಲ ದಾಟಿದ ಹಿರಿಯ ಹಕ್ಕಿ ಎಷ್ಟು ಓರೆಯಾಗಿ ಹಾರಬೇಕು ಅಂತ ಕಲಿತಿರುತ್ತದೆ.

ಪಶ್ಚಿಮದ ಕಥೆ ಇನ್ನೂ ದೊಡ್ಡದು. 2023ರ ಸೆಪ್ಟೆಂಬರ್‌ನಲ್ಲಿ ಲೀ ಚಂಡಮಾರುತದ ಉಳಿಕೆ ಅಟ್ಲಾಂಟಿಕ್ ದಾಟಿದಾಗ ಅದರ ಜೊತೆ ಅಮೆರಿಕದ ಪುಟ್ಟ ಹಾಡುಹಕ್ಕಿಗಳು ಬ್ರಿಟನ್, ಐರ್ಲೆಂಡಿಗೆ ಬಂದವು. ವೇಲ್ಸ್‌ನ ಪೆಂಬ್ರೋಕ್‌ಶೈರಿನಲ್ಲಿ ಕೆನಡಾ ವಾರ್ಬ್ಲರ್ ಕಂಡಿತು. ಬ್ರಿಟನ್ನಿಗೆ ಅದೇ ಮೊದಲು. ನೋಡಲು ಜನ ದೇಶದ ಮೂಲೆ ಮೂಲೆಯಿಂದ ಬಂದರು. ಅಲ್ಲಿ ನಿಂತಾಗ ಸಂತೋಷದ ಜೊತೆ ಸಂಕಟವೂ ಆಯಿತು. ಅಂಥ ಹಕ್ಕಿ ಮರಳಿ ಅಟ್ಲಾಂಟಿಕ್ ದಾಟುವುದು ಬಹುತೇಕ ಅಸಾಧ್ಯ.

ಗಾಳಿಯನ್ನು ತಾನೇ ಆರಿಸಿಕೊಂಡು ಹೊರಡುವ ಹಕ್ಕಿಯನ್ನೂ ಹೇಳಬೇಕು. ಅಲಾಸ್ಕಾದ ಬಾರ್-ಟೇಲ್ಡ್ ಗಾಡ್‌ವಿಟ್‌ಗಳು ಶರತ್ಕಾಲದಲ್ಲಿ ದಡದಲ್ಲಿ ಕೊಬ್ಬು ತುಂಬಿಕೊಂಡು ಕಾಯುತ್ತವೆ. ಕಡಿಮೆ ಒತ್ತಡದ ಒಂದು ಸುಳಿ ದಾಟಿ, ಅದರ ಹಿಂಬದಿಯ ಉತ್ತರದ ಗಾಳಿ ಶುರುವಾದಾಗ ಏಳುತ್ತವೆ. 2022ರ ಅಕ್ಟೋಬರ್‌ನಲ್ಲಿ ಹಾಗೆ ಹೊರಟ ಐದು ತಿಂಗಳ ಮರಿಯೊಂದು 11 ದಿನ ಎಲ್ಲೂ ನಿಲ್ಲದೆ 13,560 ಕಿ.ಮೀ. ಹಾರಿ ಟಾಸ್ಮೇನಿಯಾದಲ್ಲಿ ಇಳಿಯಿತು.

ಕಡಲತಡಿ (ಕಾಪು)

ಚಂಡಮಾರುತದ ಮಾತು ಬಂದದ್ದರಿಂದ ಕೇಳುತ್ತೇನೆ. 2021ರ ಮೇಯಲ್ಲಿ ತೌಕ್ತೆ ನಮ್ಮ ಎದುರಿಗೇ ಹಾದುಹೋಯಿತು. ಹಾಗೆ ಆದಾಗ ಯಾವ ಹೊತ್ತಿಗೆ ಸಮುದ್ರದ ಕಡೆ ನೋಡಬೇಕು? ಬರುವ ಮುಂಚೆಯಾ, ಆಮೇಲಾ?

ಮೋಡಮಾಪಕ (ಬೆಂಗಳೂರು)

ಆಮೇಲೆ. ಮೊದಲನೆಯದಾಗಿ ನಿಮ್ಮ ಪ್ರಾಣ ಮುಖ್ಯ. ಎಚ್ಚರಿಕೆ ಇರುವಾಗ ಬಂಡೆಯ ಹತ್ತಿರ ಹೋಗಲೇಬೇಡಿ.

ಗಾಳಿಯ ಲೆಕ್ಕವೂ ಅದನ್ನೇ ಹೇಳುತ್ತದೆ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ತೌಕ್ತೆಯಂತೆ ಸಮುದ್ರದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಚಂಡಮಾರುತ ನಿಮಗೆ ನೈರುತ್ಯದಲ್ಲಿ ಇರುವಾಗ ನಿಮ್ಮಲ್ಲಿ ಗಾಳಿ ಆಗ್ನೇಯದಿಂದ, ಅಂದರೆ ನೆಲದ ಕಡೆಯಿಂದ. ನೇರ ಎದುರಿಗೆ ಬಂದಾಗ ತೆಂಕಣದಿಂದ. ನಿಮ್ಮನ್ನು ದಾಟಿ ವಾಯವ್ಯಕ್ಕೆ ಹೋದಮೇಲೆ ಗಾಳಿ ನೈರುತ್ಯಕ್ಕೆ ತಿರುಗಿ ಸಮುದ್ರದಿಂದ ನೆಲದ ಕಡೆ ಬೀಸುತ್ತದೆ. ಸುಳಿಯಲ್ಲಿ ಸಿಕ್ಕಿದ ಸೂಟಿ ರೀವ, ಫ್ರಿಗೇಟ್ ಹಕ್ಕಿಗಳು ದಡಕ್ಕೆ, ಕೆಲವೊಮ್ಮೆ ಒಳನಾಡಿನ ಕೆರೆಗಳಿಗೂ ಬರುವುದು ಈ ಕೊನೆಯ ಹಂತದಲ್ಲಿ. ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ ಸೂಟಿ ರೀವಗಳು ಗೂಡು ಮಾಡುತ್ತವೆ. ಅಲ್ಲಿಂದ ನಮ್ಮ ದಡ ಬಹಳ ದೂರವೇನಲ್ಲ.

ಹಾಗಾಗಿ ಚಂಡಮಾರುತ ಗೋವಾ ದಾಟಿದ ಮೇಲೆ, ಎಚ್ಚರಿಕೆ ತೆಗೆದ ಕೂಡಲೇ ನೋಡಿ. ಒಳನಾಡಿನವರೂ ಆ ಒಂದೆರಡು ದಿನ ದೊಡ್ಡ ಕೆರೆಗಳ ಮೇಲೆ ಕಣ್ಣು ಹಾಯಿಸಿ.

ಮಲ್ಪೆ ಬೋಟು

ಎಲ್ಲವನ್ನೂ ಓದಿದೆ. ನನ್ನ ಕಡೆಯಿಂದ ಒಂದು ಕೆಲಸ ಮಾಡಬಹುದು. ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಮುಗಿಸಿ, ಹಾಲು ತೆಂಗಿನಕಾಯಿ ಅರ್ಪಿಸಿ ನಮ್ಮ ಬೋಟುಗಳು ಹೊರಡುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಈ ಹಕ್ಕಿಗಳು ಇನ್ನೂ ಅಲ್ಲೇ ಇರುತ್ತವೆ. ಬ್ರೈಡಲ್ಡ್ ರೀವಗಳು ತೇಲುವ ಹಲಗೆ, ಥರ್ಮಾಕೋಲ್ ತುಂಡಿನ ಮೇಲೆ ಮರಿ ಸಮೇತ ಕೂತು ತೆಂಕಣಕ್ಕೆ ಹೋಗುವುದನ್ನು ನಾವು ಪ್ರತಿ ಸಲ ನೋಡುತ್ತೇವೆ. ನಮ್ಮಲ್ಲಿ ಜಿಪಿಎಸ್ ಇದೆ, ಗಾಳಿಯ ದಿಕ್ಕು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏನೇನು ಬರೆದುಕೊಂಡರೆ ನಿಮಗೆ ಉಪಯೋಗ ಆಗುತ್ತದೆ ಅಂತ ಸರಳವಾಗಿ ಹೇಳಿ. ಬೂತಾಯಿ, ಬಂಗುಡೆ ಎಳೆಯುವ ನಡುವೆ ಪುಟಗಟ್ಟಲೆ ಬರೆಯಲು ಆಗುವುದಿಲ್ಲ.

ಹಕ್ಕಿಪಟ್ಟಿ (ಮೈಸೂರು)

ಅಣ್ಣ, ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ತಾರೀಕು, ಹೊತ್ತು, ಜಿಪಿಎಸ್ ಜಾಗ. ಗಾಳಿ ಯಾವ ಕಡೆಯಿಂದ, ಜೋರೋ ಸಾಧಾರಣವೋ. ನೀರು ತಿಳಿಯೋ ಕದಡಿದೆಯೋ, ಇದು ನಿಮ್ಮ ಮಾತಿನಿಂದಲೇ ಹೊಳೆದದ್ದು. ಹಕ್ಕಿ ಕೂತಿತ್ತೋ ಹಾರುತ್ತಿತ್ತೋ, ಹಾರುತ್ತಿದ್ದರೆ ಯಾವ ದಿಕ್ಕಿಗೆ. ಹೆಸರು ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ಒಂದು ಫೋಟೊ, ಮಸುಕಾದರೂ ಸರಿ. ಬರೆಯಲು ಆಗದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ, ನಾನು ಕೂತು ಬರೆದುಕೊಳ್ಳುತ್ತೇನೆ. ಹಕ್ಕಿ ಒಂದೂ ಕಾಣದ ದಿನವೂ "ಇಲ್ಲ" ಅಂತ ಒಂದು ಮಾತು ಹೇಳಿಬಿಡಿ.

ಮಲ್ಪೆ ಬೋಟು

ವಾಯ್ಸ್ ಮೆಸೇಜ್ ಆಗಬಹುದು. ದಡದಿಂದ ದೂರ ಹೋದಮೇಲೆ ನೆಟ್‌ವರ್ಕ್ ಇರುವುದಿಲ್ಲ, ಬಂದರಿಗೆ ಬಂದಮೇಲೆ ಒಟ್ಟಿಗೆ ಕಳಿಸುತ್ತೇನೆ. ಪಕ್ಕದ ಬೋಟಿನ ತಾಂಡೇಲರಿಗೂ (ಬೋಟು ನಡೆಸುವವರಿಗೂ) ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.